ಅಭಿಜ್ಞಾನವಿಲ್ಲದ ಮರೆವು: ಡಿಮೆನ್ಷಿಯಾ, ಸಲಿಂಗ ದಾಂಪತ್ಯ ಮತ್ತು ರಂಗಭೂಮಿ

ಉಪದೇಶಕ್ಕೆಂದು ಹೊರಟ ನಾಟಕವು ನಾಟಕವಾಗಿ ಉಳಿಯಬಲ್ಲುದೆ ಎಂಬ ಪ್ರಶ್ನೆ ಕನ್ನಡ ವಿಮರ್ಶೆಗೆ ಹೊಸದೇನೂ ಅಲ್ಲ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಕುರಿತೂ, ಶ್ರೀರಂಗರ ‘ಹರಿಜನ್ವಾರ’ವನ್ನು ಕುರಿತೂ, 1975ರಲ್ಲಿ ಹುಟ್ಟಿದ ‘ಸಮುದಾಯ’ದ ಬೀದಿನಾಟಕಗಳನ್ನು ಕುರಿತೂ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದುಂಟು. ಭರತಮುನಿಯೇ ನಾಟ್ಯವು ಲೋಕಕ್ಕೆ ಉಪದೇಶವನ್ನೂ ದುಃಖಾರ್ತರಿಗೆ ವಿಶ್ರಾಂತಿಯನ್ನೂ ಕೊಡುವುದೆಂದು ಹೇಳಿರುವಾಗ, ಉಪದೇಶವು ಕಲೆಗೆ ಹೊರಗಿನದೆಂದು ತಳ್ಳಿಹಾಕುವ ಅಧಿಕಾರ ನಮಗಿಲ್ಲ. ಉಪದೇಶವು ವಸ್ತುವಿನ ಒಳಗಿನಿಂದ ಬಂದಿದೆಯೋ, ಇಲ್ಲವೆ ಮೇಲಿನಿಂದ ಅಂಟಿಸಿದುದೋ ಎಂಬುದಷ್ಟೇ ವಿಚಾರಣೀಯ. ಈ ಪರೀಕ್ಷೆಗೆ ತೀರ ಕಠಿಣವಾದ ಒಂದು ವಸ್ತುವನ್ನು ಪಶ್ಚಿಮದ ರಂಗಭೂಮಿ, ಮುಖ್ಯವಾಗಿ ಇಂಗ್ಲೆಂಡಿನದು, ಈಚೆಗೆ ಕೈಗೆತ್ತಿಕೊಂಡಿದೆ. ಮುಪ್ಪಿನಲ್ಲಿ ಸ್ಮೃತಿ ಕಳೆದುಕೊಳ್ಳುತ್ತಿರುವ ಸಲಿಂಗಾನುರಾಗಿಗಳ ಹಾಗೂ ಲಿಂಗಪರಿವರ್ತಿತರ ಬಾಳೇ ಆ ವಸ್ತು. ಅದರ ವಿಮರ್ಶೆ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದಗಳ ವಿಷಯವಾಗಿ ಒಂದು ಮಾತು. ಡಿಮೆನ್ಷಿಯಾಕ್ಕೆ ನಮ್ಮಲ್ಲಿ ‘ಅರಳು ಮರಳು’ ಎಂಬ ಸೊಗಸಾದ ಜೋಡಿಮಾತು ಇದೆ. ಅರುವತ್ತಕ್ಕೆ ಅರಳು ಮರಳು ಎಂಬ ಗಾದೆಯೂ ಇದೆ. ಮಾತು ಸೊಗಸಾದರೂ ಅದರೊಳಗಿನ ತಿಳಿವಳಿಕೆ ತಪ್ಪು. ವಯಸ್ಸಾದವರಿಗೆಲ್ಲ ಬರುವ ಸಹಜಸ್ಥಿತಿ ಇದೆಂದು ಗಾದೆ ಭಾವಿಸುತ್ತದೆ. ಆ ಭಾವನೆಯಿಂದಲೇ ಎಷ್ಟೋ ಮನೆಗಳಲ್ಲಿ ವೈದ್ಯರ ಬಳಿಗೆ ಹೋಗುವುದು ತಡವಾಗುತ್ತದೆ. ಡಿಮೆನ್ಷಿಯಾ ಎಂಬುದು ಮಿದುಳಿನ ಹಲವು ರೋಗಗಳಿಂದ ಉಂಟಾಗುವ ಲಕ್ಷಣಸಮೂಹ. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಜರ್ಮನಿಯ ವೈದ್ಯ ಆಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದ, ಅವನ ಹೆಸರಿನಿಂದಲೇ ಪ್ರಸಿದ್ಧವಾದ ರೋಗ. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇಕಡಾ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇವರಲ್ಲಿ ಸಲಿಂಗಾನುರಾಗಿಗಳೂ ಲಿಂಗಪರಿವರ್ತಿತರೂ ಇದ್ದೇ ಇರುತ್ತಾರೆ. ಅವರನ್ನು ಎಣಿಸುವ ಗೋಜಿಗೆ ಹೋದವರಿಲ್ಲ.

ಈ ರೋಗದ ಒಂದು ಗುಣ ನಾಟಕಕಾರನಿಗೆ ಮುಖ್ಯವಾದುದು. ಆಲ್ಝೈಮರ್ ರೋಗದಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಯುತ್ತದೆ, ಹಳೆಯದು ಬಹುಕಾಲ ಉಳಿಯುತ್ತದೆ. ಬೆಳಗಿನ ಉಪಾಹಾರ ಮರೆತವನಿಗೆ ಬಾಲ್ಯದ ಶಾಲೆಯ ಮೇಷ್ಟರ ಮುಖ ಸ್ಪಷ್ಟವಾಗಿರುತ್ತದೆ. ಇದನ್ನು ಇಂಗ್ಲೆಂಡಿನಲ್ಲಿ 1930ರ ಸುಮಾರಿಗೆ ಹುಟ್ಟಿದ ಒಬ್ಬ ಸಲಿಂಗಾನುರಾಗಿಯ ಬಾಳಿಗೆ ಅನ್ವಯಿಸಿ ನೋಡೋಣ. ಅವನ ಯೌವನದಲ್ಲಿ ಅವನ ಪ್ರೀತಿ ದಂಡಾರ್ಹ ಅಪರಾಧ. ಗಣಿತಜ್ಞ ಟ್ಯೂರಿಂಗ್ ಶಿಕ್ಷೆಗೊಳಗಾದುದು 1952ರಲ್ಲಿ. ಇಂಥ ಸಂಬಂಧವು ಅಪರಾಧವಾಗಿರಬಾರದೆಂದು ವುಲ್ಫೆಂಡನ್ ಸಮಿತಿ ವರದಿ ಕೊಟ್ಟುದು 1957ರಲ್ಲಿ. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಕಾನೂನು ಸಡಿಲವಾದುದು 1967ರಲ್ಲಿ. ಸ್ಕಾಟ್ಲೆಂಡು 1980ರವರೆಗೂ, ಉತ್ತರ ಐರ್ಲೆಂಡು 1982ರವರೆಗೂ ಕಾಯಬೇಕಾಯಿತು. ನಡುವೆ 1988ರಲ್ಲಿ, ಸ್ಥಳೀಯ ಸಂಸ್ಥೆಗಳು ಇದನ್ನು ಪ್ರೋತ್ಸಾಹಿಸಕೂಡದೆಂದು ಇನ್ನೊಂದು ಕಟ್ಟಳೆ ಬಂದು, ಇಂಗ್ಲೆಂಡಿನಲ್ಲಿ 2003ರವರೆಗೆ ಉಳಿಯಿತು. ಜೊತೆಗಾರಿಕೆಯ ನೋಂದಣಿ 2005ರಲ್ಲಿ ಆರಂಭವಾಯಿತು, ವಿವಾಹ 2014ರಲ್ಲಿ. ಈಗ ಮರೆವು ಈ ಕಾಲಾನುಕ್ರಮವನ್ನು ಹಿಂದುಮುಂದಾಗಿ ತಿನ್ನುತ್ತ ಬರುತ್ತದೆ. ಮೊದಲು ಹೋಗುವುದು ಮದುವೆ, ಆಮೇಲೆ ನೋಂದಣಿ. ಕೊನೆಗೆ ಉಳಿಯುವುದು 1950ರ ದಶಕದ ಪೋಲೀಸಿನವನ ಬೂಟಿನ ಸದ್ದು. ರಾಜ್ಯವು ಐವತ್ತು ವರ್ಷಗಳಲ್ಲಿ ಹಂತಹಂತವಾಗಿ ಕೊಟ್ಟುದನ್ನೆಲ್ಲ ರೋಗವು ಐದಾರು ವರ್ಷಗಳಲ್ಲಿ ಕಸಿದುಕೊಂಡು, ಮುದುಕನನ್ನು ಮತ್ತೆ ಅಪರಾಧಿಯ ಸ್ಥಾನದಲ್ಲಿ ತಂದು ನಿಲ್ಲಿಸುತ್ತದೆ. ಆರೈಕೆಗೃಹದ ಹುಡುಗಿ ‘ನಿಮ್ಮ ಜೊತೆ ಬಂದಿರುವ ಇವರು ಯಾರು?’ ಎಂದು ಸದ್ಭಾವದಿಂದಲೇ ಕೇಳಿದರೂ ಅವನಿಗೆ ಅದು ಠಾಣೆಯ ವಿಚಾರಣೆಯಂತೆ ಕೇಳಿಸಬಹುದು. ‘ನನ್ನ ಬಾಡಿಗೆದಾರ’ ಎಂದು ಅವನು ಉತ್ತರ ಕೊಟ್ಟಾನು.

ಈ ಉತ್ತರದಲ್ಲಿಯೇ ನಾಟಕವೆಲ್ಲ ಇದೆ. ಅವನು ಮರೆತು ಹೇಳಿದನೆ, ಮರೆಮಾಚಿ ಹೇಳಿದನೆ? ನಲವತ್ತು ವರ್ಷ ಜೊತೆಗೆ ಬಾಳಿದವನಿಗೂ ಅದು ತಿಳಿಯದು.

ಇಂಥ ಸಂದಿಗ್ಧ ನಮ್ಮ ಸಾಹಿತ್ಯಕ್ಕೆ ಪರಿಚಿತವಾದುದೆಂಬ ಸಂಗತಿ ಬಹು ಮಂದಿಗೆ ಹೊಳೆದಂತಿಲ್ಲ. ಶಕುಂತಲೆಯ ಕಥೆಗೆ ಎರಡು ಪಾಠಗಳಿವೆಯಷ್ಟೆ. ಮಹಾಭಾರತದ ದುಷ್ಯಂತನಿಗೆ ಎಲ್ಲವೂ ನೆನಪಿದೆ. ಬರಿಯ ಹೆಣ್ಣಿನ ಮಾತಿನ ಮೇಲೆ ಮಗನನ್ನು ಸ್ವೀಕರಿಸಿದರೆ ಲೋಕ ಸಂಶಯಪಟ್ಟೀತೆಂದು ಅವನು ಅರಿಯದವನಂತೆ ನಟಿಸುತ್ತಾನೆ. ಅಶರೀರವಾಣಿ ಸಾಕ್ಷಿ ನುಡಿದ ಮೇಲೆ ಒಪ್ಪಿಕೊಳ್ಳುತ್ತಾನೆ. ಕಾಳಿದಾಸನ ದುಷ್ಯಂತನು ದೂರ್ವಾಸನ ಶಾಪದಿಂದ ನಿಜವಾಗಿಯೂ ಮರೆತಿದ್ದಾನೆ. ಉಂಗುರ ಕಂಡ ಮೇಲೆ ಅವನಿಗೆ ಸ್ಮೃತಿ ಮರಳುತ್ತದೆ. ಒಬ್ಬನದು ಲೋಕಭಯದ ಮರೆವು, ಇನ್ನೊಬ್ಬನದು ವ್ಯಾಧಿಯಂಥ ಮರೆವು. ನಾವು ಮೇಲೆ ಹೇಳಿದ ಮುದುಕನಲ್ಲಿ ವ್ಯಾಸರ ದುಷ್ಯಂತನೂ ಕಾಳಿದಾಸನ ದುಷ್ಯಂತನೂ ಒಂದೇ ದೇಹದಲ್ಲಿ ಕುಳಿತಿದ್ದಾರೆ. ಅವನಿಗೆ ಉಂಗುರವಿಲ್ಲ; ಇದ್ದರೂ ಅದು ಸ್ಮೃತಿಯನ್ನು ಮರಳಿಸದು.

ಐದನೆಯ ಅಂಕದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಶಕುಂತಲೆಯ ವಿವಾಹ ಗಾಂಧರ್ವವಾದುದು. ಪುರೋಹಿತನಿಲ್ಲ, ಬಂಧುಗಳಿಲ್ಲ, ಬರೆಹವಿಲ್ಲ. ಆ ಸಂಬಂಧಕ್ಕೆ ಇಬ್ಬರ ಸ್ಮೃತಿಯೇ ಆಧಾರ. ಒಬ್ಬನ ಸ್ಮೃತಿ ಅಳಿದ ಕ್ಷಣದಲ್ಲಿ ಇನ್ನೊಬ್ಬಳು ಹೆಂಡತಿಯಾಗಿ ಉಳಿಯದೆ ಆಸ್ಥಾನಕ್ಕೆ ಬಂದ ಅಪರಿಚಿತೆಯಾಗುತ್ತಾಳೆ. ಬಲ್ಲವರು ಅನಸೂಯೆ ಪ್ರಿಯಂವದೆಯರು. ಅವರು ಆಶ್ರಮದಲ್ಲಿಯೇ ಉಳಿದುಬಿಟ್ಟರು. ಆಸ್ಥಾನಕ್ಕೆ ಬಂದ ಶಾರ್ಙ್ಗರವನೂ ಶಾರದ್ವತನೂ ಗೌತಮಿಯೂ ಕಣ್ಣಾರೆ ಕಂಡವರಲ್ಲ. ಸಲಿಂಗ ದಾಂಪತ್ಯಗಳಲ್ಲಿ ಬಹುಪಾಲು ಇಂದಿಗೂ ಗಾಂಧರ್ವವಾದವುಗಳೇ. ಅವುಗಳ ಸಾಕ್ಷಿಗಳು ಸ್ನೇಹಿತರು. ಆಸ್ಪತ್ರೆಯಲ್ಲಿ ಸಹಿ ಹಾಕುವ ಹೊತ್ತಿಗೆ ಕರೆಸಲ್ಪಡುವವರೋ, ಮೂವತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣನ ಮಕ್ಕಳು.

ಇಲ್ಲಿ ಸ್ವಾನುಭವದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಈ ಮುಂಬಯಿಯಲ್ಲಿಯೇ, ನಮ್ಮ ಕನ್ನಡ ವಾಚನಾಲಯಕ್ಕೆ ಬಹುಕಾಲ ಜೊತೆಯಾಗಿ ಬರುತ್ತಿದ್ದ ಇಬ್ಬರು ಹಿರಿಯರಿದ್ದರು. ನಾವೆಲ್ಲ ಅವರನ್ನು ‘ರೂಮ್‌ಮೇಟುಗಳು’ ಎಂದು ಕರೆಯುತ್ತಿದ್ದೆವು. ಹೆಚ್ಚಿಗೆ ಕೇಳುವುದು ಸಭ್ಯತೆಯಲ್ಲವೆಂದು ನಮ್ಮ ಭಾವನೆಯಾಗಿತ್ತು. ದೊಡ್ಡವರಿಗೆ ಮರೆವು ಆರಂಭವಾಗಿ, ಒಂದು ಆಸ್ಪತ್ರೆಗೆ ಸೇರಿಸಿದಾಗ, ಅಲ್ಲಿಯವರು ಚಿಕ್ಕವರನ್ನು ಹೊರಗೆ ನಿಲ್ಲಿಸಿ ‘ರಕ್ತಸಂಬಂಧಿಗಳು ಯಾರಿದ್ದೀರಿ?’ ಎಂದರು. ಅವರೊಡನೆ ಹೋಗಿದ್ದ ನಾವು ಮೂವರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಬಲ್ಲವರಾಗಿದ್ದೂ ಆಶ್ರಮದಲ್ಲಿ ಉಳಿದ ಸಖಿಯರಿಗಿಂತ ನಮ್ಮ ಅಪರಾಧ ದೊಡ್ಡದು. ನಾವು ಆಸ್ಥಾನದ ಬಾಗಿಲಲ್ಲಿಯೇ ಇದ್ದೆವು. ಈ ವಸ್ತುವಿನ ನಾಟಕಗಳ ಕಡೆಗೆ ನನ್ನ ಗಮನ ತಿರುಗಿದುದು ಆ ದಿನದಿಂದ.

ಈ ಬಗೆಯ ನಾಟಕಕ್ಕೆ ಪೂರ್ವನಿದರ್ಶನವಾಗಿ ಏಡ್ಸ್ ಕಾಲದ ನಾಟಕಗಳನ್ನು ತೋರಿಸುವುದು ವಾಡಿಕೆ. ಲ್ಯಾರಿ ಕ್ರೇಮರನ ‘ದಿ ನಾರ್ಮಲ್ ಹಾರ್ಟ್’ 1985ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಯೋಗಗೊಂಡಾಗ, ರಂಗದ ಗೋಡೆಗಳ ಮೇಲೆ ಅಂಕಿಅಂಶಗಳನ್ನೂ ಹೆಸರುಗಳನ್ನೂ ಬರೆದಿದ್ದರು. ಸರ್ಕಾರದ, ಪತ್ರಿಕೆಗಳ, ವೈದ್ಯಲೋಕದ ಅಲಕ್ಷ್ಯದ ಮೇಲೆ ಅದು ಮಾಡಿದ ದೋಷಾರೋಪಣೆ ಇಂದಿಗೂ ಬಿಸಿಯಾಗಿದೆ. ಅಲ್ಲಿಯೂ ಒಂದು ಗಾಂಧರ್ವ ವಿವಾಹವಿದೆ: ಸಾಯುತ್ತಿರುವ ಫೀಲಿಕ್ಸನ ಹಾಸಿಗೆಯ ಬಳಿ ನೆಡ್ ಅವನನ್ನು ವರಿಸುತ್ತಾನೆ. ಆ ನಾಟಕದ ಸ್ಥಾಯಿ ಕ್ರೋಧ. ಕ್ರೋಧಕ್ಕೆ ಎದುರಾಳಿ ಬೇಕು. ಅವರಿಗೆ ಎದುರಾಳಿ ಇದ್ದ. ಮರೆವಿಗೆ ಹಾಗೆ ಎದುರಾಳಿಯಿಲ್ಲ. ಆರೈಕೆಗೃಹದ ದಾದಿ ದುಷ್ಟಳಲ್ಲ, ದಣಿದವಳು. ಕ್ರೇಮರನ ಜಾಡನ್ನು ಹಿಡಿದು ಡಿಮೆನ್ಷಿಯಾದ ನಾಟಕ ಬರೆಯುವವರು ದಾದಿಯನ್ನೋ ಮಗಳನ್ನೋ ಖಳಪಾತ್ರವಾಗಿ ಮಾಡಿ ಕೆಡುತ್ತಾರೆ. ಇಲ್ಲಿ ಕರುಣವೇ ಅಂಗಿ. ಕ್ರೋಧವು ಸಂಚಾರಿಯಾಗಿ ಬಂದುಹೋದರೆ ಸಾಕು.

ಇನ್ನೊಂದು ಮಾದರಿ ಫ್ರಾನ್ಸಿನ ಫ್ಲೋರಿಯನ್ ಝೆಲ್ಲರನದು. ಅವನ ‘ಲ ಪೇರ್’ ಪ್ಯಾರಿಸಿನಲ್ಲಿ 2012ರಲ್ಲಿ ರಂಗವೇರಿತು. 2017ರಲ್ಲಿ ನಮ್ಮ ಮುಂಬಯಿಯಲ್ಲಿಯೇ ‘ಮೋಟ್ಲಿ’ ತಂಡದವರು ಅದನ್ನು ಇಂಗ್ಲಿಷಿನಲ್ಲಿ ಆಡಿದರು. ತಂದೆಯ ಪಾತ್ರ ನಸೀರುದ್ದೀನ್ ಶಾ ಅವರದು. ಆ ನಾಟಕದ ಕೌಶಲ ಸರ್ವವಿದಿತ. ರೋಗಿಯನ್ನು ಹೊರಗಿನಿಂದ ತೋರಿಸದೆ, ಪ್ರೇಕ್ಷಕನನ್ನೇ ರೋಗಿಯ ತಲೆಯೊಳಗೆ ಕೂರಿಸುತ್ತಾನೆ. ಒಂದು ದೃಶ್ಯದಲ್ಲಿ ಮಗಳಾಗಿ ಬಂದವಳ ಬದಲಿಗೆ ಇನ್ನೊಂದು ದೃಶ್ಯದಲ್ಲಿ ಬೇರೊಬ್ಬಳು ಮಗಳೆಂದು ಬರುತ್ತಾಳೆ. ಕೋಣೆಯ ಸಾಮಾನುಗಳು ಒಂದೊಂದಾಗಿ ಮಾಯವಾಗುತ್ತವೆ. ನಮ್ಮಲ್ಲಿ ಎಷ್ಟು ಉಪನ್ಯಾಸಗಳಿಂದಲೂ ಹುಟ್ಟದ ಅರಿವು ಈ ಒಂದು ತಂತ್ರದಿಂದ ಹುಟ್ಟುತ್ತದೆಂಬುದನ್ನು ಒಪ್ಪಲೇಬೇಕು. ಆದರೆ ಆ ನಾಟಕದ ಬುಡದಲ್ಲಿ ಒಂದು ನಿಶ್ಚಯವಿದೆ. ಮುಖ ಯಾವುದೇ ಇರಲಿ, ಅವನಿಗೆ ಮಗಳೊಬ್ಬಳು ಇದ್ದಾಳೆ, ಅವನ ಬಳಿ ಬರಲು ಅವಳಿಗೆ ಹಕ್ಕಿದೆ ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ಆಂದ್ರೆ ಮರೆತರೂ ಲೋಕ ಮರೆಯುವುದಿಲ್ಲ. ಸಲಿಂಗ ಜೋಡಿಯಲ್ಲಿ ರೋಗಿ ಮರೆತರೆ ಲೋಕವೂ ಒಡನೆ ‘ನಾವು ಮೊದಲೇ ತಿಳಿದಿರಲಿಲ್ಲ’ ಎಂದುಬಿಡುತ್ತದೆ. ಝೆಲ್ಲರನ ತಂತ್ರವನ್ನು ಹಾಗೆಯೇ ಎತ್ತಿ ಇಲ್ಲಿ ಇಟ್ಟರೆ ಈ ಎರಡನೆಯ ಮರೆವು ಕಾಣದೆ ಹೋಗುತ್ತದೆ.

ಇಂಗ್ಲೆಂಡಿನಲ್ಲಿ ಲಿಬಿ ಪಿಯರ್ಸನ್ ಬರೆದ ‘ದಿ ಪರ್ಪಲ್ ಲಿಸ್ಟ್’ ನೇರವಾಗಿ ನಮ್ಮ ವಸ್ತುವನ್ನೇ ಹಿಡಿದ ನಾಟಕ. ಅದು ಏಕವ್ಯಕ್ತಿ ಪ್ರಯೋಗ. ಡಿಮೆನ್ಷಿಯಾಕ್ಕೆ ಗುರಿಯಾದವನ ಬಾಳಸಂಗಾತಿ ತಮ್ಮ ಕಥೆಯನ್ನು ಹೇಳುತ್ತಾನೆ. ಏಕಪಾತ್ರವೆಂದರೆ ಖರ್ಚು ಕಡಿಮೆ, ಸಭಾಂಗಣವಿಲ್ಲದ ಕಡೆಯೂ ಆಡಬಹುದು, ದಾದಿಯರ ತರಬೇತಿಗೂ ಒಯ್ಯಬಹುದು ಎಂಬ ಲೌಕಿಕ ಅನುಕೂಲಗಳಿವೆ. ಅವುಗಳಿಗಿಂತ ಹೆಚ್ಚಿನ ಔಚಿತ್ಯ ಈ ರೂಪಕ್ಕೆ ಇದೆಯೆಂದು ನನ್ನ ಅಭಿಪ್ರಾಯ. ಇಬ್ಬರು ಕೂಡಿ ಹೊರುತ್ತಿದ್ದ ನೆನಪನ್ನು ಈಗ ಒಬ್ಬನೇ ಹೊರಬೇಕಾಗಿದೆ. ರಂಗದ ಮೇಲೆ ಒಬ್ಬನೇ ನಿಂತಿದ್ದಾನೆ. ರೂಪವೂ ವಸ್ತುವೂ ಇಲ್ಲಿ ಒಂದಾಗಿವೆ. ಆದರೂ ಈ ರೂಪಕ್ಕೆ ಒಂದು ದೋಷ ಅನಿವಾರ್ಯವಾಗಿ ಅಂಟಿಕೊಂಡಿದೆ. ಹೇಳುವವನು ಆರೋಗ್ಯವಂತ, ಮರೆತವನ ಪಾಲಿಗೆ ಮಾತಿಲ್ಲ. ಜೀವಮಾನವೆಲ್ಲ ಲೋಕದಿಂದ ಮೌನಕ್ಕೆ ತಳ್ಳಲ್ಪಟ್ಟವನು ತನ್ನ ನಾಟಕದಲ್ಲಿಯೂ ಪ್ರಥಮಪುರುಷ ಸರ್ವನಾಮವಾಗಿ ಉಳಿಯುತ್ತಾನೆ. ಈ ಕುಂದನ್ನು ನೀಗಲು ಝೆಲ್ಲರನಿಂದ ಕಲಿಯತಕ್ಕುದು ಬಹಳವಿದೆ. ಎರಡು ಮಾದರಿಗಳನ್ನೂ ಬೆಸೆದ ನಾಟಕ ಇನ್ನೂ ಬರಬೇಕಾಗಿದೆ.

ಪ್ರೇಕ್ಷಕರ ಮಾತಿಗೆ ಬರೋಣ. ಅಭಿನವಗುಪ್ತನು ರಸಾನುಭವಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಒಂದಾಗಿ ಹೇಳುತ್ತಾನೆ. ಅರಿವು ಮೂಡಿಸುವ ನಾಟಕಗಳು ಈ ವಿಘ್ನವನ್ನು ತಾವಾಗಿಯೇ ಕರೆದುಕೊಳ್ಳುತ್ತವೆ. ಮುಂದಿನ ಸಾಲಿನಲ್ಲಿ ಕುಳಿತವಳು ಬೆಳಿಗ್ಗೆ ತಾನೆ ಸಂಗಾತಿಗೆ ಸ್ನಾನ ಮಾಡಿಸಿ ಬಂದವಳು; ಅವಳ ಮಟ್ಟಿಗೆ ಸಾಧಾರಣೀಕರಣ ಎಲ್ಲಿಂದ ಬರಬೇಕು? ಅವಳ ಕಣ್ಣೀರನ್ನು ನಾಟಕದ ಯಶಸ್ಸಿಗೆ ಪ್ರಮಾಣವೆಂದು ಎಣಿಸುವ ವರದಿಗಳು ತಪ್ಪುದಾರಿಯವು. ಆ ಕಣ್ಣೀರು ಅವಳದೇ, ನಾಟಕದ್ದಲ್ಲ.

ಈ ಕಾರಣದಿಂದಲೇ ಬ್ರೆಜಿಲಿನ ಆಗಸ್ಟೊ ಬೋಲ್ 1970ರ ದಶಕದಲ್ಲಿ ರೂಪಿಸಿದ ‘ಫೋರಮ್’ ರಂಗಭೂಮಿ ಇಲ್ಲಿ ಹೆಚ್ಚು ಉಪಯುಕ್ತವೆಂದು ತೋರುತ್ತದೆ. ಅಲ್ಲಿ ಚಿಕ್ಕದೊಂದು ದೃಶ್ಯವನ್ನು ಆಡಿ, ಅದು ಕೆಟ್ಟದಾಗಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಆಡುತ್ತಾರೆ. ಪ್ರೇಕ್ಷಕರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಎದ್ದು ಬಂದು, ಪಾತ್ರವನ್ನು ತಾವೇ ವಹಿಸಿ ಬೇರೆ ದಾರಿ ಹುಡುಕಬಹುದು. ಬಂಗಾಲದ ‘ಜನಸಂಸ್ಕೃತಿ’ ಈ ಪದ್ಧತಿಯನ್ನು 1980ರ ದಶಕದಿಂದ ಹಳ್ಳಿಗಳಲ್ಲಿ ನಡೆಸಿಕೊಂಡು ಬಂದಿದೆ. ಬೋಲನ ಪದ್ಧತಿ ರೋಗವನ್ನು ಬದಲಿಸಲಾರದು. ರೋಗಿ ಸೇರುವ ಸಂಸ್ಥೆಯನ್ನು ಬದಲಿಸಬಲ್ಲುದು. ಆರೈಕೆಗೃಹದ ಪ್ರವೇಶಪತ್ರವನ್ನು ತುಂಬುವ ದೃಶ್ಯವೊಂದೇ ಸಾಕು. ‘ಮದುವೆಯಾಗಿದೆಯೆ? ಮಕ್ಕಳೆಷ್ಟು? ಹತ್ತಿರದ ಸಂಬಂಧಿ ಯಾರು?’ ಮೂರು ಪ್ರಶ್ನೆಗಳಲ್ಲಿ ಒಂದು ಜೀವಮಾನ ಅಳಿಸಿಹೋಗುತ್ತದೆ. ಅದೇ ದೃಶ್ಯವನ್ನು ದಾದಿಯೊಬ್ಬಳು ಎದ್ದು ಬಂದು, ‘ನಿಮ್ಮ ಬಾಳಿನಲ್ಲಿ ಮುಖ್ಯರಾದವರು ಯಾರು? ಯಾರು ಬಂದರೆ ನಿಮಗೆ ಸಂತೋಷ?’ ಎಂದು ಕೇಳಿ ನಡೆಸಿದರೆ, ಉಪದೇಶವು ಅವಳ ಬಾಯಿಂದಲೇ ಹುಟ್ಟಿದಂತಾಯಿತು. ಹಳೆಯ ನೆನಪನ್ನು ಕೆದಕಿ ರೋಗಿಗಳನ್ನು ಮಾತನಾಡಿಸುವ ಪದ್ಧತಿಯಲ್ಲಿಯೂ ಇದೇ ತೊಡಕಿದೆ. ಮದುವೆಯ ದಿನವನ್ನು ನೆನೆಯಿರಿ ಎನ್ನುವುದು ಒಬ್ಬರಿಗೆ ಹರ್ಷ, ಇನ್ನೊಬ್ಬರಿಗೆ ಬಲವಂತದ ಮದುವೆಯ ದುಃಸ್ವಪ್ನ.

ಅಮೆರಿಕದ ಆನ್ ಬಾಸ್ಟಿಂಗ್ ಎಂಬಾಕೆ 1990ರ ದಶಕದ ಕೊನೆಯಿಂದ, ಡಿಮೆನ್ಷಿಯಾ ಇರುವವರನ್ನು ನೆನಪಿಗಾಗಿ ಪೀಡಿಸದೆ ಕಲ್ಪನೆಗೆ ಆಹ್ವಾನಿಸುವ ಪದ್ಧತಿಯನ್ನು ಬೆಳೆಸಿದ್ದಾರೆ. ಮಿಲ್ವಾಕಿಯ ಒಂದು ವೃದ್ಧಾಶ್ರಮದಲ್ಲಿ ಪೆನೆಲೊಪೆಯ ಕಥೆಯನ್ನು ಅಲ್ಲಿಯ ನಿವಾಸಿಗಳೊಡನೆಯೇ ಕಟ್ಟಿ 2011ರಲ್ಲಿ ಆಡಿದರು. ಗ್ರೀಕರ ಆ ಕಥೆಯಲ್ಲಿಯೂ ಗುರುತು ಹಿಡಿಯುವ ಪ್ರಸಂಗ ಬರುತ್ತದೆ. ಉಂಗುರದ ಬದಲು ಅಲ್ಲಿ ಮಂಚದ ಗುಟ್ಟು. ಗುಟ್ಟನ್ನು ಬಚ್ಚಿಟ್ಟೇ ಬಾಳಿದವರಿಗೆ ಈ ಪದ್ಧತಿ ವಿಶೇಷವಾಗಿ ಒಗ್ಗಬಹುದು. ಕಲ್ಪಿತ ಕಥೆಯಲ್ಲಿ ಯಾರೂ ಯಾವುದನ್ನೂ ಒಪ್ಪಿಕೊಳ್ಳಬೇಕಾಗಿಲ್ಲ.

ಲಿಂಗಪರಿವರ್ತಿತರ ಸ್ಥಿತಿ ಇನ್ನೂ ಕ್ಲಿಷ್ಟ. ಹಳೆಯ ನೆನಪೇ ಉಳಿಯುವುದಾದರೆ, ನಡುವಯಸ್ಸಿನಲ್ಲಿ ತನ್ನ ಹೆಸರನ್ನೂ ರೂಪವನ್ನೂ ತಾನೇ ಆರಿಸಿಕೊಂಡವಳು, ತೊರೆದುಬಂದ ಹೆಸರಿನ ಕಾಲದಲ್ಲಿ ಒಂದು ದಿನ ಎಚ್ಚರಗೊಳ್ಳಬಹುದು. ಆಗ ಅವಳನ್ನು ಯಾವ ಹೆಸರಿನಿಂದ ಕರೆಯಬೇಕು? ಇದಕ್ಕೆ ಸುಲಭವಾದ ಉತ್ತರವನ್ನು ಕೊಡುವ ನಾಟಕವನ್ನು ನಾನು ನಂಬಲಾರೆ. ಕನ್ನಡ ರಂಗಭೂಮಿ ಈ ದಿಕ್ಕಿಗೆ ಒಂದೆರಡು ಹೆಜ್ಜೆ ಇಟ್ಟಿದೆ. ಎ. ರೇವತಿಯವರ ಆತ್ಮಕಥೆಯನ್ನು ಆಧರಿಸಿ ‘ಜನಮನದಾಟ’ ತಂಡದವರು ‘ಬದುಕು ಬಯಲು’ ಆಡಿದರು. ಬೆಂಗಳೂರಿನ ‘ಪಯಣ’ ಸಂಸ್ಥೆಯ ‘ತಲ್ಕಿ’ಯಲ್ಲಿ ಲಿಂಗಪರಿವರ್ತಿತ ಹಿರಿಯರೇ ರಂಗದ ಮೇಲೆ ಬಿರಿಯಾನಿ ಬೇಯಿಸುತ್ತ ತಮ್ಮ ಕಥೆಗಳನ್ನು ಹೇಳುತ್ತಾರೆ. ಮರೆವು ಇವುಗಳ ವಸ್ತುವಲ್ಲ. ಆದರೂ ಇಳಿವಯಸ್ಸಿನವರು ತಮ್ಮ ನೆನಪನ್ನು ಹತ್ತಾರು ಜನರ ಮುಂದೆ ಇಡುವುದೆಂದರೆ ಸಾಕ್ಷಿಗಳನ್ನು ಗಳಿಸಿಕೊಂಡಂತೆಯೇ ಸರಿ. ಅನ್ನ ಬೇಯುವ ವಾಸನೆ ಪ್ರೇಕ್ಷಕನ ಮೂಗಿಗೆ ತಾಕಿದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎನ್ನುವುದು ಕಷ್ಟ.

ಚಲನಚಿತ್ರದ ಮಾತನ್ನು ಪ್ರಾಸಂಗಿಕವಾಗಿ ಎತ್ತುತ್ತೇನೆ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಕನ್ನಡಿಗರಿಗೆ ಆಲ್ಝೈಮರ್ ರೋಗವನ್ನು ಎಷ್ಟೋ ಕರಪತ್ರಗಳಿಗಿಂತ ಚೆನ್ನಾಗಿ ಪರಿಚಯಿಸಿತು. ಕಾಣೆಯಾದ ತಂದೆಗಾಗಿ ಮಗನು ಊರೆಲ್ಲ ಅಲೆಯುವ ಕಥೆ; ಹೆಸರೇ ಕಾಣೆಯಾದವರ ಪ್ರಕಟಣೆಯ ಒಕ್ಕಣೆಯಿಂದ ಬಂದುದು. ಚಿತ್ರ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅದನ್ನು ನೋಡುತ್ತಿದ್ದಾಗ ನನ್ನ ಮನಸ್ಸಿಗೆ ಬಂದವರು ವಾಚನಾಲಯದ ಆ ಹಿರಿಯರು. ಮಗನಿಲ್ಲದವನು ಕಾಣೆಯಾದರೆ ಪ್ರಕಟಣೆ ಅಂಟಿಸುವವರು ಯಾರು? ಅಂಟಿಸಲು ಹೋದವನನ್ನು ಪೋಲೀಸರು ‘ನೀವು ಅವರಿಗೆ ಏನಾಗಬೇಕು?’ ಎಂದು ಕೇಳಿದರೆ, ಅವನು ಏನೆಂದು ಹೇಳತಕ್ಕದ್ದು?

ಈ ಪ್ರಶ್ನೆಗೆ ನಮ್ಮ ದೇಶದ ಕಾನೂನು ಅರ್ಧ ಉತ್ತರ ಕೊಟ್ಟಿದೆ. ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು 377ನೆಯ ಕಲಮಿನಿಂದ ಬಿಡಿಸಿತು. 2023ರ ಅಕ್ಟೋಬರ್ 17ರಂದು ವಿವಾಹದ ಹಕ್ಕನ್ನು ಕೊಡಲು ನಿರಾಕರಿಸಿತು. ಹಾಗಾಗಿ ನಮ್ಮಲ್ಲಿ ಗಾಂಧರ್ವವೇ ಗತಿ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 14ನೆಯ ಕಲಮಿನಂತೆ ವಯಸ್ಕನಾದ ಯಾವನೇ ಆಗಲಿ, ತನ್ನ ಪರವಾಗಿ ನಿಲ್ಲಲು ಒಬ್ಬ ಪ್ರತಿನಿಧಿಯನ್ನು ಬರೆಹದಲ್ಲಿ ನಾಮಕರಣ ಮಾಡಬಹುದು. ಆ ಪ್ರತಿನಿಧಿ ರಕ್ತಸಂಬಂಧಿಯೇ ಆಗಿರಬೇಕೆಂಬ ನಿರ್ಬಂಧವಿಲ್ಲ. ಲೈಂಗಿಕ ಒಲವಿನ ಕಾರಣದಿಂದ ಮಾನಸಿಕ ಚಿಕಿತ್ಸೆಯಲ್ಲಿ ಭೇದವೆಣಿಸಕೂಡದೆಂದೂ ಅದೇ ಕಾಯಿದೆ ಹೇಳುತ್ತದೆ. ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಈ ಕಾಗದ ಆಗಬೇಕು. ಇದು ಕೆಲಸಕ್ಕೆ ಬರುವ ಉಂಗುರ. ಮೀನಿನ ಹೊಟ್ಟೆ ಸೇರದಂತೆ ಒಂದು ಪ್ರತಿಯನ್ನು ಸ್ನೇಹಿತರ ಬಳಿ ಇರಿಸುವುದು ಮೇಲು. ನಾಟಕದಲ್ಲಿ ಕಲಮಿನ ಸಂಖ್ಯೆಯನ್ನು ಪಾತ್ರದ ಬಾಯಲ್ಲಿ ಹೇಳಿಸುವುದು ಅರಸಿಕತೆ. ಕಾಗದವೊಂದು ರಂಗದ ಮೇಲೆ ಇದ್ದು, ಬೇಕಾದಾಗ ಸಿಕ್ಕದೆ ಹೋದರೆ ಪ್ರೇಕ್ಷಕನು ಮನೆಗೆ ಹೋಗಿ ತನ್ನ ಕಾಗದಪತ್ರಗಳನ್ನು ಹುಡುಕಿಯಾನು.

ನಮ್ಮ ಸಂಘದ ಹಿರಿಯ ಸದಸ್ಯರಿಗಾಗಿ ಇಂಥದೊಂದು ನಾಟಕವನ್ನು ಕನ್ನಡದಲ್ಲಿ ಆಡಿಸಬೇಕೆಂಬ ಸೂಚನೆ ಬಂದಿರುವುದರಿಂದ ಪ್ರಯೋಗದ ಬಗೆಗೂ ಎರಡು ಮಾತು ಹೇಳಬೇಕಾಗಿದೆ. ಅನುವಾದಕ್ಕೆ ಕೈಹಾಕುವುದು ಬೇಡ. ಲಂಡನ್ನಿನ ಮುದುಕನ ಭಯ 1950ರ ದಶಕದ ಲಂಡನ್ನಿನದು, ಧಾರವಾಡದಿಂದಲೋ ಉಡುಪಿಯಿಂದಲೋ ಬಂದು ಇಲ್ಲಿ ಕೋಣೆ ಹಿಡಿದವನ ಭಯ ಊರಿನ ನೆಂಟರದು. ಐದನೆಯ ಅಂಕವನ್ನು ಎದುರಿಗಿಟ್ಟುಕೊಂಡು, ಆ ಸಖಿಯರು ಆಸ್ಥಾನಕ್ಕೆ ಬಂದಿದ್ದರೆ ಏನು ಹೇಳುತ್ತಿದ್ದರು ಎಂಬಲ್ಲಿಂದ ಬರೆಯಲು ತೊಡಗಬಹುದು. ಪ್ರಯೋಗ ಸಾಯಂಕಾಲ ಬೇಡ. ಮರೆವುಳ್ಳವರಿಗೆ ಇಳಿಹೊತ್ತಿನಲ್ಲಿ ಗಾಬರಿ ಹೆಚ್ಚುವುದು ವೈದ್ಯರು ಬಲ್ಲ ಸಂಗತಿ; ಬೆಳಗಿನ ಹತ್ತೂವರೆ ಗಂಟೆ ಉಚಿತ. ಮುಕ್ಕಾಲು ಗಂಟೆಗೆ ನಾಟಕ ಮುಗಿದರೆ, ಮಾತುಕತೆಗೆ ಅಷ್ಟೇ ಹೊತ್ತು ಉಳಿಯುತ್ತದೆ. ಆಹ್ವಾನಪತ್ರಿಕೆಯಲ್ಲಿ ‘ಸಕುಟುಂಬ’ ಎಂದು ಅಚ್ಚುಹಾಕಿಸುವ ನಮ್ಮ ವಾಡಿಕೆಯನ್ನು ಈ ಒಂದು ಸಲ ಬಿಟ್ಟು, ‘ನಿಮ್ಮವರೊಡನೆ’ ಎಂದು ಬರೆಸಿದರೆ ವಾಚನಾಲಯದ ಆ ಚಿಕ್ಕವರೂ ಬಂದಾರು. ಅವರು ಇನ್ನೂ ವಾರಕ್ಕೊಮ್ಮೆ ಪುಸ್ತಕ ಬದಲಿಸಲು ಬರುತ್ತಿದ್ದಾರೆ, ಎರಡು ಕಾರ್ಡುಗಳ ಮೇಲೆ.